ಜಾಲರಿಗೆ ಅಂಟಿದ ಕರ್ಚೀಫು

ಯಡಿಯೂರು ಕೆರೆಯ ಬಳಿ ಒಬ್ಬ ಮೆಕ್ಯಾನಿಕ್ ಇದ್ದರು. ಏನು ಕೇಳಿದರೂ ಅವರದು ಒಂದೇ ಮಾತು: "ನೋಡೇಬಿಡೋಣ ಸಾರ್."

ಎ.ಸಿ. ಹಾಕಿದರೆ ಸಾಕು, ಅಪ್ಪನ ಕಾರಿನ ಎಂಜಿನ್ ಕಾದು ಕುದಿಯುತ್ತಿತ್ತು. ಎಂಜಿನ್ನೇ ಹೋಗಿದೆ, ಮಾರಿಬಿಡಿ ಎಂದು ಎಲ್ಲರೂ ಹೇಳಿದ್ದರು; ಅಪ್ಪನಿಗೆ ಮನಸ್ಸಿರಲಿಲ್ಲ.

ಮೆಕ್ಯಾನಿಕ್ ಎ.ಸಿ. ಹಾಕಿಸಿ, ಕಾರಿನ ಮುಂದಿನ ಜಾಲರಿಗೆ ತಮ್ಮ ಕರ್ಚೀಫು ಹಿಡಿದು ಕೈ ಬಿಟ್ಟರು. ನೀಲಿಯೋ ಹಸಿರೋ, ಈಗ ಖಾತ್ರಿಯಿಲ್ಲ. ಅದು ನೆಲಕ್ಕೆ ಬಿತ್ತು.

"ಎಂಜಿನ್ ತಂಪು ಮಾಡೋ ಫ್ಯಾನ್ ಗಾಳಿ ಎಳೀತಿಲ್ಲ ಸಾರ್. ಎಂಜಿನ್ ಗುಂಡುಕಲ್ಲು ಇದ್ದಂಗಿದೆ."

"ಹಂಗಾದ್ರೆ ಮಾರೋದು ಬೇಡ್ವಾ?" ಅಪ್ಪ ಕೇಳಿದರು.

"ಮಾರಿ ಅಂದೋರ್ನ ಮಾರಿ ಸಾರ್!"

ಫ್ಯಾನಿನ ಮೋಟಾರು ಬದಲಿಸಿದ ಮೇಲೆ ಕರ್ಚೀಫು ಜಾಲರಿಗೆ ಅಂಟಿ ನಿಂತಿತು. ಅಪ್ಪ ಅದನ್ನೇ ನೋಡುತ್ತ ನಿಂತರು.

ಈಗ ಅಪ್ಪನಿಲ್ಲ, ಗ್ಯಾರೇಜೂ ಇಲ್ಲ. ಇದೆಲ್ಲ ನಾನೇ ಮನಸ್ಸಿನಲ್ಲಿ ಕಟ್ಟಿಕೊಂಡ ಕಥೆಯೇ ಎಂಬ ಅನುಮಾನ ಬಂದು, ಮೊನ್ನೆ ನನ್ನ ಕಾರಿನ ಎ.ಸಿ. ಹಾಕಿದೆ. "ನೋಡೇಬಿಡೋಣ," ಎನ್ನುತ್ತ ಜಾಲರಿಗೆ ಕರ್ಚೀಫು ಹಿಡಿದು ಕೈ ಬಿಟ್ಟೆ. ಅಂಟಿಕೊಂಡಿತು. ಎಷ್ಟೋ ಹೊತ್ತು ಕೀಳಲು ಮನಸ್ಸಾಗಲಿಲ್ಲ.