ಒಂಬತ್ತು ಕಿಲೋಮೀಟರ್

ಮಧುಗಿರಿಯಲ್ಲಿ ನಮ್ಮ ಮನೆಯ ಪಕ್ಕದ ಅಂಗಡಿಯಲ್ಲಿ ಊರುಗಳ ಬೋರ್ಡ್ ಬರೆಯುವ ಪೇಂಟರ್ ಒಬ್ಬರಿದ್ದರು. ಊರಿನ ಹೆಸರು ಬರೆದು, ದೂರದ ಅಂಕಿಗೆ ಜಾಗ ಖಾಲಿ ಬಿಟ್ಟು, ಮೊಪೆಡ್ ಹತ್ತಿ ಆ ಊರಿಗೇ ಹೋಗಿ ದೂರ ಅಳೆದು ಬರುತ್ತಿದ್ದರು. ಬರಗೂರಿಗೂ ಹಾಗೆಯೇ, ಚನ್ನರಾಯನದುರ್ಗಕ್ಕೂ ಹಾಗೆಯೇ. "ನೋಡ್ದೆ ಅಂಕಿ ಹಾಕಲ್ಲ ಸ್ವಾಮಿ" ಎನ್ನುವುದು, ಬ್ರಷ್ಷನ್ನು ಕಿವಿಯ ಮೇಲೆ ಸಿಕ್ಕಿಸಿಕೊಳ್ಳುವುದು.

ನಾನು ದೆವ್ವದ ಕಥೆಗಳಿಗಾಗಿ ಕರಿಬಂಡೆ ಎಂಬ ಊರೊಂದನ್ನು ಕಟ್ಟುತ್ತಿದ್ದೆ. ಪುಸ್ತಕದ ಮುಖಪುಟಕ್ಕೆ ಅದರದೊಂದು ಬೋರ್ಡ್ ಬರೆದುಕೊಡಿ ಎಂದೆ. "ಊರ ಮುಂದೊಂದು ಬಾವಿ, ಒಳಗೊಂದು ಗುಡಿ, ಎಲ್ಲಾ ನನ್ನ ಕಲ್ಪನೆ. ಅಂಕಿ ಯಾವುದಾದ್ರೂ ಹಾಕಿ."

ಅವರು ಬ್ರಷ್ಷನ್ನು ಕಿವಿಗೆ ಸಿಕ್ಕಿಸಿಕೊಂಡರು.

ಮೂರನೆಯ ದಿನ ಮಧ್ಯಾಹ್ನ ಹೋದಾಗ ಬೋರ್ಡಿನ ಮೇಲೆ ಒಂಬತ್ತು ಎಂದಿತ್ತು. ಮೊಪೆಡ್ಡಿನ ಚಕ್ರಕ್ಕೆ ಹಸಿ ಮಣ್ಣು ಮೆತ್ತಿತ್ತು.

"ಈಗ ಹೋಗ್ಬಂದೆ. ಬಾವಿ ನೀವಂದಂಗೆ ಊರ್ ಮುಂದಿಲ್ಲ, ಗುಡಿ ಹಿಂದೈತೆ."

ಕಥೆಯಲ್ಲಿ ನಾನು ಬಾವಿಯನ್ನು ಗುಡಿಯ ಹಿಂದಕ್ಕೆ ಸರಿಸಿದ್ದು ಅವತ್ತು ಬೆಳಿಗ್ಗೆ. ಯಾರಿಗೂ ಹೇಳಿರಲಿಲ್ಲ. ಆ ಬಾವಿಯಲ್ಲಿ ಒಬ್ಬಳನ್ನು ಮುಳುಗಿಸಿಯೂ ಇದ್ದೆ.

"ಬಾವಿ ತಾವ ಒಬ್ಬಮ್ಮ ಕುಂತಿದ್ರು, ಮೈಯೆಲ್ಲ ಒದ್ದೆ," ಎಂದರು, ಬಣ್ಣದ ಡಬ್ಬಿಯ ಮುಚ್ಚಳ ಒತ್ತುತ್ತಾ. "ಕತೆ ಬರಿಯೋರ ಮನೆ ಎಷ್ಟ್ ದೂರ ಅಂತ ಕೇಳಿದ್ರು. ಅಳೆದಿದ್ನಲ್ಲ, ಒಂಬತ್ತೇ ಅಂದೆ."