ಬರುವವರ ಗಂಗಾಳ

ಶಂಭುಲಿಂಗನನ್ನು ಮಣ್ಣು ಮಾಡಿ ಬಂದ ಮೇಲೆ ಹುಸೇನಮ್ಮ ವ್ಯಾನಿನ ಸೀಟನ್ನು ಮುಂದಕ್ಕೆ ಎಳೆದುಕೊಂಡಿರಲಿಲ್ಲ. ಅದನ್ನು ಹಿಂದಕ್ಕೆ ತಳ್ಳಿದವನು ಅವನೇ. ಸೀಟಿನ ಅಡಿಯಲ್ಲಿದ್ದ ಮೋಡೆಮ್ಮಿನ ದೀಪಗಳನ್ನು ಬಗ್ಗಿ ನೋಡಿ, "ಎಲ್ಲಾ ಬರೋಬರಿ ಐತಿ, ನಡಿ ಪೈಲಟ್" ಎಂದು ಬಾಗಿಲು ಹಾಕಿ ಹೋಗಿದ್ದ. ಮರುದಿನ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಅಂದಿನಿಂದ ಹುಸೇನಮ್ಮ ಕಾಲು ಚಾಚಿ, ಕ್ಲಚ್ಚನ್ನು ಬೆರಳ ತುದಿಯಿಂದ ತುಳಿಯುತ್ತ ಗಾಡಿ ಓಡಿಸುತ್ತಿದ್ದಳು. ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಆದರೂ ಆ ಸೀಟಿಗೆ ಕೈ ಹಚ್ಚಲು ಅವಳಿಗೆ ಮನಸ್ಸು ಬಂದಿರಲಿಲ್ಲ.

ಅದು ಹೊಸಪೇಟೆಯ ಕಣ್ಣಿನ ಆಸ್ಪತ್ರೆಯೊಂದರ ವ್ಯಾನು. ವಾರದಲ್ಲಿ ಕಂಪ್ಲಿ, ಸಂಡೂರು, ದರೋಜಿ ಎಂದು ತಿರುಗುತ್ತದೆ. ಒಳಗೆ ಒಂದು ಕಂಪ್ಯೂಟರು, ಕಣ್ಣಿನ ಚಿತ್ರ ತೆಗೆಯುವ ಒಂದು ಕ್ಯಾಮೆರಾ, ಚೀಟಿ ಮುದ್ರಿಸುವ ಪುಟ್ಟ ಪ್ರಿಂಟರು. ಊರ ಮುಂದೆ ನಿಂತ ವ್ಯಾನಿನಿಂದ ಚಿತ್ರ ಹೋದರೆ ಹೊಸಪೇಟೆಯಲ್ಲಿ ಕುಳಿತ ಡಾಕ್ಟರು ನೋಡಿ, ಯಾರಿಗೆ ಹನಿ ಸಾಕು, ಯಾರು ಆಸ್ಪತ್ರೆಗೇ ಬರಬೇಕು ಎಂದು ಆಗಲೇ ಹೇಳುತ್ತಾರೆ. ಹೋಗುವುದೂ ಬರುವುದೂ ಸೀಟಿನ ಅಡಿಯ ಮೋಡೆಮ್ಮಿನ ಮೂಲಕ. ಅದನ್ನು ಕೂರಿಸಿ, ವ್ಯಾನಿನ ಚಾವಣಿಯ ಮೇಲೆ ಆಂಟೆನಾ ನೆಟ್ಟು, ಒಳಗಿನ ಒಂದೊಂದು ಯಂತ್ರಕ್ಕೂ ಮೋಡೆಮ್ಮು ಗುರುತು ಹಿಡಿಯುವ ಅಂಕಿಯ ವಿಳಾಸ ಕೊಟ್ಟವನು ಶಂಭುಲಿಂಗ.

ಅವನು ಮೊದಲು ಲಾರಿಗಳ ವೈರಿಂಗ್ ಮಾಡುತ್ತಿದ್ದ. ಸಂಡೂರಿನಿಂದ ಅದಿರು ತುಂಬಿಕೊಂಡು ಬರುವ ಲಾರಿಗಳ ಹಾರ್ನು, ಹೆಡ್‌ಲೈಟು, ಸೆಲ್ಫು. ಕೆಂಪು ಧೂಳು ಅವನ ಸ್ಕ್ರೂ ಡಬ್ಬಿಯಲ್ಲಿ, ಉಗುರಿನಲ್ಲಿ, ಚಹಾದ ಲೋಟದಲ್ಲೂ ಇರುತ್ತಿತ್ತು. ಗಣಿಗಳು ನಿಂತು ಲಾರಿಗಳು ಸಾಲಾಗಿ ತುಕ್ಕು ಹಿಡಿದ ವರ್ಷಗಳಲ್ಲಿ ಬೇರೆಯವರು ಅಂಗಡಿ ಮುಚ್ಚಿದರು. ಅವನು ಮುಚ್ಚದೆ, ಕೆಟ್ಟ ಮೋಡೆಮ್ಮುಗಳನ್ನು ತಂದು ಬಿಚ್ಚುತ್ತ ಕುಳಿತ. ಲಾರಿಗಳು ಮತ್ತೆ ಓಡಲು ಶುರುವಾದಾಗ, ಗಾಡಿ ಎಲ್ಲಿದೆ ಎಂದು ಹೇಳುವ ಯಂತ್ರವನ್ನು ಕೂರಿಸಲು ಮಾಲೀಕರು ಅವನ ಅಂಗಡಿಯನ್ನೇ ಹುಡುಕಿಕೊಂಡು ಬಂದರು.

ಹುಸೇನಮ್ಮ ಅವನನ್ನು ಕಂಡದ್ದು ಆಗಲೇ. ಕಡ್ಡಿರಾಂಪುರದವಳು, ಹೊಸಪೇಟೆಯಿಂದ ಹಂಪಿ ಬಜಾರಿಗೆ ಆಟೋ ಓಡಿಸುತ್ತಿದ್ದಳು. ಆಟೋದ ಲೈಟು ಕೆಟ್ಟು ಅವನ ಅಂಗಡಿ ಮುಂದೆ ನಿಲ್ಲಿಸಿದಳು. ಅವನು ಒಂದು ವೈರು ಹಾಕಬೇಕಾದಲ್ಲಿ ಎರಡು ಹಾಕಿ, ಎರಡನೆಯದರ ತುದಿಗೆ ಟೇಪು ಸುತ್ತಿ ಸುಮ್ಮನೆ ಬಿಟ್ಟ.

"ಇದ್ಯಾಕ ಅಣ್ಣಾ, ಕೆಲಸ ಇಲ್ಲದ ವೈರು? ಬಿಲ್ ಹೆಚ್ಚು ಮಾಡಾಕೇನು?"

"ಆ ವೈರಿಗೆ ಬಿಲ್ ಇಲ್ಲ. ನಾಳೆ ಏನರ ಹಾಕಬೇಕಂದ್ರ ದಾರಿ ಇರಲಿ ಅಂತ. ನೀ ಪೈಲಟ್, ಮುಂದ ನೋಡು. ಹಿಂದಿಂದು ನಾ ನೋಡ್ತೀನಿ."

ಮುಂದೆ ಆಸ್ಪತ್ರೆಯವರು ವ್ಯಾನಿಗೆ ಚಾಲಕರು ಬೇಕೆಂದಾಗ ಅವಳ ಹೆಸರು ಹೇಳಿದವನೂ ಅವನೇ. ಸಂಬಳವಾದ ದಿನ ಸಿಹಿ ಕೊಡಲು ಅವಳು ಹೇಳದೆ ಕೇಳದೆ ಅವನ ಮನೆಗೆ ಹೋದಳು. ಊಟದ ಹೊತ್ತು. ನೆಲದ ಮೇಲೆ ಸಾಲಾಗಿ ಗಂಗಾಳಗಳನ್ನು ಇಟ್ಟಿದ್ದರು. ಬಾಗಿಲ ಬಳಿಯೇ ಕುಳಿತು ಎದ್ದು ಹೋಗೋಣವೆಂದುಕೊಂಡವಳನ್ನು ಅವನ ತಾಯಿ ಸಂಗಮ್ಮ ಕೈ ಹಿಡಿದು ಸಾಲಿನ ನಡುವೆ ಕೂರಿಸಿದರು. ಅಲ್ಲಿ ಒಂದು ಗಂಗಾಳ ಖಾಲಿ ಇತ್ತು.

"ಯಾರಿಗಿಟ್ಟಿದ್ರಿ ಅಮ್ಮಾ ಇದು?"

"ಬರೋರಿಗೆ. ನೀ ಬಂದ್ಯಲ್ಲ, ನಿನಗ."

"ಕಡೀಗೆ ಇಟ್ಟಿದ್ರ ನಡೀತಿತ್ತು."

"ಕಡೀಗೆ ಇಟ್ರ ಬಂದೋರಿಗೆ ಹೊರಗಿನವ್ರು ಅನಿಸ್ತತಿ. ಉಣ್ಣು."

ಹುಸೇನಮ್ಮ ತುತ್ತು ಕಲಸುವಷ್ಟರಲ್ಲಿ ಸಂಗಮ್ಮ ಎದ್ದು ಹೋಗಿ ಇನ್ನೊಂದು ಗಂಗಾಳ ತಂದು ಇಟ್ಟರು. ಅದರ ಮುಂದೆ ಯಾರೂ ಇರಲಿಲ್ಲ. ಶಂಭುಲಿಂಗ ರೊಟ್ಟಿ ಮುರಿಯುತ್ತ, "ನಮ್ಮವ್ವನ ಲೆಕ್ಕ ಹಿಂಗ. ಒಂದು ತುಂಬಿತಂದ್ರ ಇನ್ನೊಂದು" ಎಂದು ನಕ್ಕಿದ್ದ.

ವ್ಯಾನಿಗೆ ಮೋಡೆಮ್ ಕೂರಿಸುವಾಗ ಅವನು ಇದೇ ಮಾತಿನಲ್ಲಿ ಅವಳಿಗೆ ವಿಳಾಸಗಳ ವಿಷಯ ತಿಳಿಸಿದ್ದ. "ಗಾಡ್ಯಾಗಿನ ಯಂತ್ರ ಅಂದ್ರ ಊಟಕ್ಕ ಕುಂತ ಮಂದಿ. ಮೋಡೆಮ್ಮು ಬಡಿಸೋ ಆಕಿ. ಒಬ್ಬೊಬ್ಬರಿಗೂ ಒಂದೊಂದು ಅಂಕಿ ಕೊಟ್ಟು ಕೂರಿಸ್ಬೇಕು. ಒಂದ ಅಂಕಿ ಮ್ಯಾಲ ಇಬ್ಬರು ಕುಂತ್ರ ಇಬ್ಬರಿಗೂ ಅನ್ನ ಇಲ್ಲ." ಮೊದಲ ವಾರ ಮೋಡೆಮ್ಮು ಕೇಳಿದವರಿಗೆಲ್ಲ ತಾನೇ ವಿಳಾಸ ಹಂಚುತ್ತಿತ್ತು. ವ್ಯಾನಿನ ಸುತ್ತ ನಿಂತ ಹುಡುಗರ ಮೊಬೈಲುಗಳೆಲ್ಲ ಒಳಗೆ ನುಗ್ಗಿ ಸಿನಿಮಾ ನೋಡತೊಡಗಿದವು. ಕಣ್ಣಿನ ಚಿತ್ರ ದಾರಿಯಲ್ಲೇ ನಿಂತಿತು. ಶಂಭುಲಿಂಗ ಆ ಹಂಚಿಕೆಯನ್ನು ಮುಚ್ಚಿ, ಪ್ರತಿಯೊಂದಕ್ಕೂ ಕೈಯಾರೆ ಅಂಕಿ ಬರೆದು, ತಾನು ಒಪ್ಪಿದ ಅಂಕಿಗಳಿಗೆ ಮಾತ್ರ ಹೊರಗಿನ ದಾರಿ ತೆರೆದಿಟ್ಟ.

ಅವನಿಗೆ ಇನ್ನೊಂದು ಕ್ಯಾಮೆರಾದ ಆಸೆ ಇತ್ತು. ಸಕ್ಕರೆ ಕಾಯಿಲೆಯವರ ಕಣ್ಣಿನ ಹಿಂಬದಿಯ ಪರದೆಯನ್ನು ತೋರಿಸುವಂಥದು. ಅವನ ತಂದೆ ಕೊಟ್ರಬಸಪ್ಪನ ಕಣ್ಣು ಹೋದದ್ದು ಅದೇ ಕಾಯಿಲೆಯಿಂದ, ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಆಸ್ಪತ್ರೆಯ ವ್ಯವಸ್ಥಾಪಕರು ಕಂಡಾಗಲೆಲ್ಲ ಆ ಕ್ಯಾಮೆರಾ ಕೇಳುತ್ತಿದ್ದ. ಅದು ಬಂತು. ಅವನು ಹೋಗಿ ತಿಂಗಳೂ ಆಗಿರಲಿಲ್ಲ.

ಬಂದದ್ದೇನೋ ಬಂತು, ಕೆಲಸ ಮಾಡಲಿಲ್ಲ. ತಂದು ಕೂರಿಸಿದ ಕಂಪನಿಯವನು ಅದಕ್ಕೆ ಮೂವತ್ತು ಎಂಬ ಅಂಕಿ ಕೊಟ್ಟ. ಚಿತ್ರ ವ್ಯಾನಿನಿಂದ ಆಚೆ ಹೋಗಲಿಲ್ಲ. ಕಂಪ್ಯೂಟರಿನ ಅಂಕಿಯನ್ನೇ ಕೊಟ್ಟ, ಎರಡೂ ನಿಂತವು. ಕೈ ಒರೆಸಿಕೊಂಡು ಹೋದ. ಸಂಡೂರಿನ ದಿನ ಹಾಗೇ ಕಳೆಯಿತು. ವ್ಯವಸ್ಥಾಪಕರು ಕಡ್ಡಿ ಮುರಿದಂತೆ ಹೇಳಿದರು: ದರೋಜಿಯಲ್ಲೂ ಚಿತ್ರ ಬರದಿದ್ದರೆ ಸಂಜೆಯೇ ಕ್ಯಾಮೆರಾ ಬಿಚ್ಚಿ ಬಳ್ಳಾರಿ ಕಡೆಯ ವ್ಯಾನಿಗೆ ಕೊಡುವುದು. ಅಲ್ಲಿಯವರು ಕಾಯುತ್ತಿದ್ದಾರೆ.

ಹೀಗೆ ಹುಸೇನಮ್ಮ ಆ ಬೆಳಿಗ್ಗೆ ದರೋಜಿಯಲ್ಲಿ ಬೇವಿನ ಮರದ ಕೆಳಗೆ ವ್ಯಾನು ನಿಲ್ಲಿಸಿ, ಮೊಬೈಲು ಕಿವಿಗೆ ಹಚ್ಚಿಕೊಂಡು ಮೋಡೆಮ್ಮಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಒಳಗೆ ಚಿತ್ರ ತೆಗೆಯುವ ಅನುಸೂಯಾ ಹೊಸ ಕ್ಯಾಮೆರಾದ ಮುಂದೆ ಸುಂಕಮ್ಮ ಎಂಬ ಮುದುಕಿಯನ್ನು ಕೂರಿಸಿದ್ದಳು. ಫೋನಿನ ಆಚೆ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮೌನೇಶ್.

"ಅಕ್ಕಾ, ಮೋಡೆಮ್ಮಿನ ಪಾಸ್‌ವರ್ಡು ಅಣ್ಣನ ತಲ್ಯಾಗ ಇತ್ತು. ಈಗ ಒಂದ ದಾರಿ. ಹಿಂದ ಸಣ್ಣ ತೂತು ಐತಲ್ಲ, ಪಿನ್ನು ಹಾಕಿ ಒತ್ತಿ ಹಿಡೀರಿ. ಹೊಸಾದು ಹೆಂಗಿತ್ತೋ ಹಂಗ ಆಗ್ತತಿ."

"ಶಂಭಣ್ಣ ಬರೆದಿದ್ದು?"

"ಎಲ್ಲಾ ಅಳಿಸ್ತತಿ. ಆಸ್ಪತ್ರಿ ದಾರಿನೂ ಹೋಗ್ತತಿ. ನಾ ಬಸ್ ಹತ್ತಿ ಬರ್ತೀನಿ, ಸಂಜಿಯೊಳಗ ಹೊಸದಾಗಿ ಬರೀಬೋದು. ಬರೀಬೋದು ಅಂತೀನಿ, ಗ್ಯಾರಂಟಿ ಅಲ್ಲ."

ಹುಸೇನಮ್ಮ ಸೀರೆಯ ಪಿನ್ನು ಬಿಚ್ಚಿದಳು. ತೂತಿನ ಬಳಿ ಒಯ್ದಳು. ಹಸಿರು ದೀಪಗಳು ಮಿಣಮಿಣ ಅನ್ನುತ್ತಿದ್ದವು. ಅವನು ಹೋದ ಮೇಲೂ ಅವನ ಬರಹ ಅಷ್ಟರ ಮಟ್ಟಿಗೆ ದುಡಿಯುತ್ತಿತ್ತು. ಒತ್ತಿದರೆ ಇನ್ನೊಮ್ಮೆ ಮಣ್ಣು ಮಾಡಿದಂತೆ ಎನಿಸಿ ಕೈ ನಿಂತಿತು.

ಒಳಗಿನಿಂದ ಸುಂಕಮ್ಮ ಕೂಗಿದಳು: "ನನ್ನ ಕಣ್ಣಾಗ ಏನ್ ನಮ್ಮ ಗುಡ್ಡದ ಕರಡಿ ಹೊಕ್ಕಾವೇನವಾ, ಇಷ್ಟೊತ್ತು ಹುಡುಕ್ತೀರಿ? ಗದ್ದ ಇಟ್ಟು ಇಟ್ಟು ನೋಯಾಕತ್ತೈತಿ."

"ಒಂದ್ನಿಮಿಷ ಅಜ್ಜಿ, ಅಲುಗಾಡಬ್ಯಾಡ್ರಿ" ಎಂದಳು ಅನುಸೂಯಾ.

"ಮೌನೇಶ, ತಡಿ" ಎಂದಳು ಹುಸೇನಮ್ಮ. "ನಿನಗ ಅಲ್ಲಿಂದ ನಮ್ಮ ಗಾಡಿ ಅಂಕಿ ಕಾಣ್ತಾವೇನು?"

"ದಿನಾ ಕೆಲಸ ಮಾಡೋವು ಕಾಣ್ತಾವ್ರಿ. ಕಂಪ್ಯೂಟರು ಇಪ್ಪತ್ತೊಂದು. ಹಳೇ ಕ್ಯಾಮೆರಾ ಇಪ್ಪತ್ತೆರಡು. ಪ್ರಿಂಟರು ಇಪ್ಪತ್ನಾಕು. ಈ ಮೂರನ್ನ ಬಿಟ್ಟು ಬ್ಯಾರೆ ಯಾವ್ದಕ್ಕೂ ಅಣ್ಣ ದಾರಿ ಬಿಟ್ಟಿರಲಿಕ್ಕಿಲ್ಲ. ಭಾಳ ಬಿಗಿ ಮನುಷ್ಯ."

"ನಡುವಿಂದು?"

"ಇಪ್ಪತ್ಮೂರಾ? ಹಾರಿಸ್ಯಾನ. ಕೈ ತಪ್ಪಿರಬೇಕು."

ಹುಸೇನಮ್ಮ ಪಿನ್ನನ್ನು ತೂತಿನಿಂದ ದೂರ ಸರಿಸಿದಳು. ಕಟ್ಟಿದ ಗಂಟನ್ನೇ ಮೂರು ಸಲ ಎಳೆದು ನೋಡುವ ಮನುಷ್ಯನಿಗೆ ಕೈ ತಪ್ಪುವುದೆಂದರೇನು? ಅವಳ ಕಣ್ಣ ಮುಂದೆ ಶಂಭುಲಿಂಗ ಹೋದ ಮೇಲಿನ ಶಿವಗಣಾರಾಧನೆಯ ದಿನ ಬಂತು. ಅವನ ಹೆಸರಿನಲ್ಲಿ ಉಣ್ಣಲು ಎಲ್ಲರೂ ಕುಳಿತಿದ್ದರು. ಸಾಲಿನ ನಡುವೆ ಒಂದು ಖಾಲಿ ಗಂಗಾಳ. ಅದನ್ನು ನೋಡಿ ಹುಸೇನಮ್ಮನಿಗೆ ತಡೆಯಲಾಗದೆ ಅಳು ಬಂತು. ಮಗನಿಗೆ ಇಟ್ಟಿದ್ದಾರೆ ಎಂದುಕೊಂಡಳು. ಸಂಗಮ್ಮ ಪಕ್ಕ ಬಂದು ಕುಳಿತು, ಅವಳ ಬೆನ್ನು ಸವರಿ ಹೇಳಿದ್ದರು: "ಅವನಿಗಲ್ಲವ್ವಾ. ಅವ ಉಂಡು ಹೋದ. ಇದು ಬರೋರಿಗೆ."

ಪಿನ್ನನ್ನು ಸೆರಗಿಗೆ ಚುಚ್ಚಿಕೊಂಡು ಹುಸೇನಮ್ಮ ಎದ್ದಳು.

"ಅನುಸೂಯಾ, ಆ ಹೊಸ ಕ್ಯಾಮೆರಾದ ಅಂಕಿ ಬದಲು ಮಾಡು. ವಿಳಾಸದ ಕಡೀಗೆ ಇಪ್ಪತ್ಮೂರು ಹಾಕು."

"ಅಕ್ಕಾ, ಸುಮ್ನ ಊಹೆ ಮಾಡ್ಕೊಂತ ಕುಂತ್ರ ಹೊತ್ತು ಹೋಗ್ತತಿ" ಎಂದ ಮೌನೇಶ್ ಫೋನಿನಲ್ಲಿ.

"ಊಹೆ ಅಲ್ಲಪ್ಪ. ನಾ ಆ ಮನ್ಯಾಗ ಉಂಡೀನಿ."

ಅನುಸೂಯಾ ಅಂಕಿ ಒತ್ತಿದಳು. ಕ್ಯಾಮೆರಾ ಒಮ್ಮೆ ಆರಿ ಹೊತ್ತಿಕೊಂಡಿತು. ಸುಂಕಮ್ಮ ಮತ್ತೆ ಗದ್ದ ಇಟ್ಟಳು. ಫಳ್ ಎಂದು ಬೆಳಕು. ಪರದೆಯ ಮೇಲೆ ಕಿತ್ತಳೆ ಬಣ್ಣದ ಚಂದ್ರನಂತೆ ಅವಳ ಕಣ್ಣಿನ ಒಳಗು ಮೂಡಿತು. ಕೆಳಗೆ ಒಂದು ಪಟ್ಟಿ ತುಂಬತೊಡಗಿತು. ಅರ್ಧಕ್ಕೆ ಬಂದು ನಿಂತಿತು. ಹೊರಗೆ ಯಾರೋ ಆಡನ್ನು ಗದರಿಸುತ್ತಿದ್ದರು. ಪಟ್ಟಿ ಮತ್ತೆ ಸರಿಯಿತು, ತುಂಬಿತು.

ಫೋನಿನಲ್ಲಿ ಮೌನೇಶ್ ಕೂಗಿದ: "ಬಂತಕ್ಕಾ. ಮಸ್ತ್ ಬಂದೈತಿ. ನೋಡ್ರಿ ಅಣ್ಣನ್ನ, ಮ್ಯಾಲ ಕುಂತು ನನಗ ಬೈಯಾಕತ್ತಿರ್ತಾನ. 'ಲೇ ಮೌನ್ಯಾ, ನನ್ನ ಕೈ ತಪ್ಪತೈತೇನಲೇ' ಅಂತ."

"ಬೈಸ್ಕೊ. ನಿನಗ ಅದ ಬೇಕಾಗೈತಿ" ಎಂದಳು ಹುಸೇನಮ್ಮ. ನಕ್ಕಳು; ನಕ್ಕದ್ದು ತಿಳಿದು ಬೆರಗಾದಳು.

ಡಾಕ್ಟರರ ಮಾತು ಪ್ರಿಂಟರಿನ ಚೀಟಿಯಾಗಿ ಬಂತು. ಬಲಗಣ್ಣಿನಲ್ಲಿ ರಕ್ತದ ಚುಕ್ಕೆಗಳು ಶುರುವಾಗಿವೆ, ಈ ವಾರವೇ ಬರಬೇಕು, ಈಗ ಬಂದರೆ ಕಣ್ಣು ಉಳಿಯುತ್ತದೆ. ಅನುಸೂಯಾ ಅದನ್ನು ಓದಿ ಹೇಳಿದಳು. ಸುಂಕಮ್ಮ ಚೀಟಿಯನ್ನು ಮಡಿಸಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು.

"ಉಳಿತೈತಂತ?"

"ಉಳಿತೈತಿ ಅಜ್ಜಿ."

"ಹಂಗಾದ್ರ ಬರ್ತೀನಿ. ಕರ್ಕೊಂಡು ಹೋಗಾಕ ಈ ಹೆಣ್ಮಗಳ ಗಾಡಿನ ಬರಬೇಕು ಮತ್ತ."

ಮಧ್ಯಾಹ್ನದವರೆಗೂ ಬೇವಿನ ನೆರಳಿನಲ್ಲಿ ಸಾಲು ಕರಗಲಿಲ್ಲ. ಕ್ಯಾಮೆರಾ ಬಳ್ಳಾರಿಗೆ ಹೋಗುವ ಮಾತನ್ನು ವ್ಯವಸ್ಥಾಪಕರು ಮತ್ತೆ ಎತ್ತಲಿಲ್ಲ. ಕಂಪ್ಲಿಯ ದಿನಕ್ಕೂ ಅದೇ ಇರಲಿ ಎಂದು ಫೋನು ಮಾಡಿದರು.

ಊಟದ ಹೊತ್ತಿಗೆ ಅನುಸೂಯಾ ಕೈ ತೊಳೆಯಲು ಹೋದಾಗ ಹುಸೇನಮ್ಮ ಒಬ್ಬಳೇ ಒಳಗೆ ಕುಳಿತಳು. ಇಪ್ಪತ್ಮೂರು ತುಂಬಿತು. ಸಂಗಮ್ಮನ ಲೆಕ್ಕ ನೆನಪಾಯಿತು. ತನ್ನ ಮೊಬೈಲಿನ ಡೇಟಾ ಆರಿಸಿ, ಅದನ್ನು ಮೋಡೆಮ್ಮಿಗೆ ಹೊಂದಿಸಿ, ಬೆಳಿಗ್ಗೆ ಅನುಸೂಯಾ ಮಾಡಿದಂತೆಯೇ ವಿಳಾಸದ ಕಡೆಯಲ್ಲಿ ಮೆಲ್ಲಗೆ ಇಪ್ಪತ್ತೈದು ಎಂದು ಒತ್ತಿ, ಸಂಗಮ್ಮನಿಗೆ ವಿಡಿಯೋ ಕರೆ ಹಚ್ಚಿದಳು.

ಕರೆ ಹೋಯಿತು. ಪರದೆಯ ತುಂಬ ಸಂಗಮ್ಮನ ಹಣೆಯ ವಿಭೂತಿ.

"ಏನವ್ವಾ, ಉಂಡಿ?"

"ಉಣ್ಣಾಕ ಕುಂತೀನಿ ಅಮ್ಮಾ. ಸುಮ್ನ ಮಾಡಿದೆ, ನಿಮ್ಮ ಮಾರಿ ನೋಡಾಕ."

"ಮಾರೀಲಿ ಏನೈತಿ, ಮನೀಗೆ ಬಾ. ಗಂಗಾಳ ಇಟ್ಟಿರ್ತೀನಿ."

ಫೋನಿಟ್ಟ ಮೇಲೆ ಹುಸೇನಮ್ಮ ಮೊಬೈಲನ್ನು ಆ ಅಂಕಿಯಿಂದ ಎಬ್ಬಿಸಿ, ಇಪ್ಪತ್ತೈದನ್ನು ಖಾಲಿ ಮಾಡಿದಳು. ಮುಂದೆ ಇಪ್ಪತ್ತಾರು ಇದೆಯೋ, ಇಪ್ಪತ್ತೇಳು ಇದೆಯೋ, ಅವನು ಎಲ್ಲಿಯವರೆಗೆ ಇಟ್ಟು ಹೋಗಿದ್ದಾನೋ, ಎಣಿಸಲು ಹೋಗಲಿಲ್ಲ. ಬರುವವರು ಬಂದಾಗ ಗೊತ್ತಾಗುತ್ತದೆ.

ಸಂಜೆ ಹೊರಡುವಾಗ ಚಾಲಕನ ಸೀಟಿನ ಕೆಳಗಿನ ಕಂಬಿಯನ್ನು ಎತ್ತಿ, ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಕಾಲು ಕ್ಲಚ್ಚಿಗೆ ಪೂರ್ತಿ ಎಟುಕಿತು. ಬಗ್ಗಿ ಒಮ್ಮೆ ದೀಪಗಳನ್ನು ನೋಡಿದಳು.

"ಎಲ್ಲಾ ಬರೋಬರಿ ಐತಿ" ಎಂದಳು, ಅನುಸೂಯಾಳಿಗೆ ಕೇಳಿಸುವಷ್ಟು ಗಟ್ಟಿಯಾಗಿ. "ನಡಿ, ಹೋಗೋಣು."