ಗಿರಿಜಕ್ಕ ಬೂಟು ಬಿಚ್ಚಿಸಿದ್ದು

ಕಳೆದ ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದವನಿಗೆ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಮೂವತ್ತು ವರ್ಷದ ಹಿಂದೆ ನಂಜನಗೂಡಿನಲ್ಲಿ ಊಟ ತಿಂಡಿ ಮರೆತು ಆಡುತ್ತಿದ್ದ ನಿಧಿ ಹುಡುಕುವ ಆಟ, ಹೊಸ ಚಿತ್ರ ಹೊಸ ಸಂಗೀತದೊಂದಿಗೆ ಮತ್ತೆ ಬಂದಿದೆಯಂತೆ. ಆ ಖುಷಿಯಲ್ಲಿ ಅದನ್ನು ಕೊಂಡು ಇಳಿಸಿಕೊಂಡು, ಉಟ್ಟ ಬಟ್ಟೆಯಲ್ಲೇ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಟಿ. ನರಸೀಪುರದ ಬಸ್ಸು ಹತ್ತಿದೆ. ಅಲ್ಲಿ ನಮ್ಮ ಗಿರಿಜಕ್ಕ ಇದ್ದಾಳೆ. ದೊಡ್ಡಪ್ಪನ ಮಗಳು, ಹೈಸ್ಕೂಲು ಮೇಡಂ. ಆ ಆಟದ ವೀರನನ್ನು ನೂರಾರು ಸಲ ಕೊಂದ ಪುಣ್ಯಾತ್ಗಿತ್ತಿ.

ಕೊಂದದ್ದು ಹೇಗೆ ಅಂತೀರಾ? ಅಂಗಡಿ ಬೀದಿಯ ಒಂದು ಮಹಡಿಯ ಮೇಲೆ ಕಂಪ್ಯೂಟರ್ ಕ್ಲಾಸಿತ್ತು. ನಾವಿಬ್ಬರೂ ಸೇರಿದ್ದು ಕೆಲಸಕ್ಕೆ ಅನುಕೂಲವಾಗಲೆಂದು. ಕಲಿತದ್ದು ಆ ಆಟವೊಂದನ್ನೇ. ಪಾಠ ಮುಗಿದ ಮೇಲೆ ಅರ್ಧ ಗಂಟೆ ಮೇಷ್ಟ್ರು ಕಂಪ್ಯೂಟರನ್ನು ನಮಗೆ ಬಿಡುತ್ತಿದ್ದರು. ವೀರ ಎಂದರೆ ನಾಲ್ಕಾರು ಬಣ್ಣದ ಚೌಕಗಳು, ಅಷ್ಟೆ. ಅವನು ಬಾಗಿಲು ತೆಗೆಯಬೇಕೆಂದರೆ ‘ಓಪನ್ ಡೋರ್’ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಬೇಕು. ನನ್ನ ಸ್ಪೆಲ್ಲಿಂಗಿನ ಚೆಂದಕ್ಕೆ ಅವನು ಕದಲುತ್ತಲೇ ಇರಲಿಲ್ಲ. ಹಾಗಾಗಿ ಕೀಬೋರ್ಡು ಗಿರಿಜಕ್ಕನದು, ಪಕ್ಕದಲ್ಲಿ ಕೂತು ನಡಿ ನಡಿ ಎಂದು ಅವಸರ ಮಾಡುವ ಕೆಲಸ ನನ್ನದು.

ಆಟದ ಕೊನೆಗೆ ಒಂದು ಗುಡಿ. ಅದರ ಬಾಗಿಲಲ್ಲಿ ಅವಳು ವೀರನ ಬೂಟು ಬಿಚ್ಚಿಸುತ್ತಿದ್ದಳು. ಅವನು ಒಳಗೆ ಹೋದ ಕೂಡಲೇ ಮುಂಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಹಿಂಬಾಗಿಲಾಚೆ ವಿಷದ ಮುಳ್ಳಿನ ಬಯಲು. ಬರಿಗಾಲ ವೀರ ಮೂರೇ ಹೆಜ್ಜೆಗೆ ಶಿವನ ಪಾದ ಸೇರುತ್ತಿದ್ದ. ಬೂಟಿನಲ್ಲೇ ಹೋಗಲಿ ಬಿಡಕ್ಕ ಎಂದು ನಾನು ಗೋಗರೆಯುತ್ತಿದ್ದೆ.

“ಬೂಟು ಹಾಕ್ಕೊಂಡು ಗುಡಿ ಒಳಗೆ ಹೋಗ್ತಾರೇನೋ? ಸತ್ರೆ ಸಾಯ್ಲಿ, ಮರ್ಯಾದೆಯಾಗಿ ಸಾಯ್ಲಿ” ಎನ್ನುವಳು ಅರ್ಚಕರ ಮನೆಯ ಮಗಳು.

ಕಡೆಗೆ ಕ್ಲಾಸಿನವರು ಕಂಪ್ಯೂಟರ್ ಬದಲಾಯಿಸಿದರು, ಆಟ ಹೋಯಿತು. ನನ್ನ ಬಾಯಿ ಹೋಗಲಿಲ್ಲ. ಮದುವೆ, ಮುಂಜಿ ಎಂದು ನೆಂಟರು ಎಲ್ಲಿ ಸೇರಿದರೂ ಈ ಬೂಟಿನ ಕತೆ ಹೇಳಿ ನಗಿಸುತ್ತಿದ್ದೆ. ಅವಳೂ ನಗುತ್ತಿದ್ದಳು. ಹೋದ ವರ್ಷ ಮಾತ್ರ, ಸಾಕು ಮಾಡೋ, ಮದುವೆಯಾಗಿ ಬಂದ ಸೊಸೆಯರೂ ಇದನ್ನೇ ಹೇಳಿ ನಗ್ತಾರೆ ಎಂದಳು. ನನಗೆ ಚುರುಕ್ಕೆಂದಿತು. ಅವಳ ಕೈಯಲ್ಲೇ ವೀರನನ್ನು ಒಂದು ಸಲ ಗೆಲ್ಲಿಸಿಬಿಡಬೇಕೆಂಬ ಆಸೆಗೇ ನಾನು ಬಸ್ಸು ಹತ್ತಿದ್ದು.

ಹೊಸ ಆಟದ ಬೆಡಗೇನು ಹೇಳಲಿ! ವೀರನ ಗಡ್ಡದ ಕೂದಲು ಎಣಿಸಬಹುದು. ಟೈಪು ಮಾಡುವಂತಿಲ್ಲ, ಮುಟ್ಟಿದರೆ ಸಾಕು. ತೋಚದಿದ್ದರೆ ಸುಳಿವು ಕೊಡಲು ಒಂದು ಗುಂಡಿ. ಗುಡಿಯೂ ಬಂತು. ಗಿರಿಜಕ್ಕ ಅವನ ಬೂಟನ್ನು ಮುಟ್ಟಿದಳು, ಒತ್ತಿದಳು, ಊಹೂಂ, ಅದು ಬಿಚ್ಚುವುದೇ ಇಲ್ಲ. ಮುಳ್ಳಿನ ಬಯಲಲ್ಲಿ ಕಲ್ಲು ಹಾಸಿಬಿಟ್ಟಿದ್ದಾರೆ. ಸಾಯುವ ಮಾತೇ ಇಲ್ಲ. ಅನ್ನಕ್ಕೆ ಇಟ್ಟ ಕುಕ್ಕರು ಕೂಗುವ ಮೊದಲೇ ನಿಧಿ ಸಿಕ್ಕಿತು.

ನಾನು ಚಪ್ಪಾಳೆ ತಟ್ಟಿದೆ. ಅವಳು ತಟ್ಟಲಿಲ್ಲ. ಹಳೆಯ ಆಟವನ್ನೂ ಇದರೊಳಗೇ ಇಟ್ಟಿದ್ದಾರೆಂದು ಮೂಲೆಯಲ್ಲಿ ಬರೆದಿತ್ತು. ಅದನ್ನು ಒತ್ತಿದಳು. ನಮ್ಮ ಚೌಕದ ವೀರ ಬಂದು ನಿಂತ. ಬೆರಳುಗಳಿಗೆ ಎಲ್ಲ ನೆನಪಿತ್ತು. ಊಟ ಮುಗಿಸಿ ಬಂದು ಮತ್ತೆ ಕೂತವಳು ಮೂರು ಗಂಟೆಯ ಹೊತ್ತಿಗೆ ಅವನನ್ನು ಗುಡಿಗೆ ಮುಟ್ಟಿಸಿದಳು. ಬೂಟು ಬಿಚ್ಚಿಸಿದಳು. ಒಳಗೆ ಹೋದದ್ದೇ ನಾನು ಅಭ್ಯಾಸಬಲದಿಂದ ಹಿಂಬಾಗಿಲು, ಹಿಂಬಾಗಿಲು ಎಂದೆ.

“ಸುಮ್ನಿರೋ. ದೇವರ ದರ್ಶನ ಆದ್ಮೇಲೆ ಒಂದು ಗಳಿಗೆ ಕೂತು ಹೋಗ್ಬೇಕು. ಯಾವತ್ತು ಕೂರೋಕೆ ಬಿಟ್ಟಿದ್ದೀಯ ನೀನು?” ಎಂದು ‘ಸಿಟ್’ ಎಂದು ಟೈಪು ಮಾಡಿದಳು.

ವೀರ ಕೂತ. ವಿಗ್ರಹ ಕಣ್ಣು ಬಿಟ್ಟಿತು. ಬರಿಗಾಲಲ್ಲಿ ಬಂದು ಕೂತವನಿಗೆ ದಾರಿ ಬಿಡುತ್ತೇನೆ ಎಂಬ ಅಕ್ಷರಗಳು ಮೂಡಿ, ನೆಲದ ಕಲ್ಲು ಸರಿದು ಮೆಟ್ಟಿಲು ಕಂಡವು. ಮುಳ್ಳಿನ ಬಯಲ ಅಡಿಯಿಂದಲೇ ನಿಧಿಗೆ ನೇರ ದಾರಿ! ಹೊಸದರಲ್ಲಿ ಇದನ್ನೆಲ್ಲ ತೆಗೆದು ಹಾಕಿದ್ದಾರೆ. ನಾನು ಎದ್ದು ಕುಣಿದೇಬಿಟ್ಟೆ. ಗಿರಿಜಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

“ಈಗ ಹೇಳು, ಅವನನ್ನ ಕೊಂದೋರು ಯಾರು?”

“ನಾನೇ ಅಕ್ಕ.”

“ನನಗೆ ಹೇಳಿದ್ರೆ ಆಗ್ಲಿಲ್ಲ” ಎಂದು ಫೋನು ಕೈಗಿಟ್ಟಳು. ಹುಲ್ಲಹಳ್ಳಿಯ ಚಿಕ್ಕಮ್ಮನಿಂದ ಶುರು ಮಾಡಿ ಸಂಜೆಯವರೆಗೂ ನೆಂಟರಿಗೆಲ್ಲ ತಪ್ಪೊಪ್ಪಿಕೊಂಡೆ. ನಾನು ಬಿಟ್ಟುಬಿಟ್ಟ ಹೆಸರುಗಳನ್ನು ಗಿರಿಜಕ್ಕ ಪಕ್ಕದಲ್ಲಿ ಕೂತು ಒಂದೊಂದಾಗಿ ಹೇಳಿಕೊಡುತ್ತಿದ್ದಳು.